ಐಬಿ ಇಂಟರ್‌ವ್ಯೂನಲ್ಲಿ "ಈ ಕೆಲಸವೇ ಯಾಕೆ?" ಅಂತ ಕೇಳಿದರೆ ಎಂತ ಹೇಳುವುದು?

ಮಲ್ಪೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಐಬಿಯ (ಇಂಟೆಲಿಜೆನ್ಸ್ ಬ್ಯೂರೋ, ಕೇಂದ್ರದ ಗುಪ್ತಚರ ಸಂಸ್ಥೆ) ಎಸಿಐಒ ಗ್ರೇಡ್ 2, ಅಂದರೆ ಸಹಾಯಕ ಗುಪ್ತಚರ ಅಧಿಕಾರಿ ಹುದ್ದೆಯ ಪರೀಕ್ಷೆ ಬರೆದಿದ್ದೆ. ಮೊದಲನೆಯದು 100 ಪ್ರಶ್ನೆಯ ಪೇಪರು, ಒಂದು ಗಂಟೆ ಟೈಮು, ತಪ್ಪಾದರೆ ಕಾಲು ಮಾರ್ಕು ಹೋಗುತ್ತದೆ. ಅದು ಪಾಸಾಯಿತು. ಎರಡನೆಯದು 50 ಮಾರ್ಕಿನ ಬರೆಯುವ ಪೇಪರು, ಅದೂ ಆಯಿತು. ಈಗ ಉಳಿದದ್ದು 100 ಮಾರ್ಕಿನ ಇಂಟರ್‌ವ್ಯೂ. ಕರೆಂಟ್ ಅಫೇರ್ಸ್, ಡಿಗ್ರಿಯಲ್ಲಿ ಓದಿದ್ದು, ನಮ್ಮ ಜಿಲ್ಲೆಯ ವಿಷಯ ಎಲ್ಲ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೆ ಹೆದರಿಕೆ ಇಲ್ಲ. ಒಂದೇ ಒಂದು ಪ್ರಶ್ನೆಗೆ ಹೆದರಿಕೆ. "ನೀವು ಐಬಿಗೆ ಯಾಕೆ ಬರಬೇಕು ಅಂತಿದ್ದೀರಿ?"

ಕೋಚಿಂಗ್‌ನಲ್ಲಿ ಒಂದು ಉತ್ತರ ಬರೆಸಿದ್ದಾರೆ. ಚಿಕ್ಕಂದಿನಿಂದ ದೇಶಸೇವೆಯ ಕನಸು, ಆಂತರಿಕ ಭದ್ರತೆಯಲ್ಲಿ ಆಸಕ್ತಿ, ಸವಾಲಿನ ಕೆಲಸ ಇಷ್ಟ, ಹೀಗೆ. ನಮ್ಮ ಬ್ಯಾಚಿನ ಎಲ್ಲರ ನೋಟ್ಸ್‌ನಲ್ಲೂ ಅದೇ ನಾಲ್ಕು ಸಾಲು ಉಂಟು. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಸುಳ್ಳು ಅಂತ ಅಲ್ಲ, ಆದರೆ ನನ್ನ ಬಾಯಿಂದ ಬರುವಾಗ ಬೇರೆ ಯಾರದೋ ಮಾತಿನ ಹಾಗೆ ಕೇಳುತ್ತದೆ.

ನನ್ನ ಕಾರಣ ಬೇರೆ. ಅದನ್ನು ಹೇಳಬಹುದಾ ಅಂತ ಕೇಳುವುದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಆಳಸಮುದ್ರ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಬರುವುದಿಲ್ಲ. 2018ರ ಡಿಸೆಂಬರ್ 13ಕ್ಕೆ ನಮ್ಮ ಮಲ್ಪೆಯಿಂದ ಸುವರ್ಣ ತ್ರಿಭುಜ ಬೋಟು ಏಳು ಜನರನ್ನು ಕರೆದುಕೊಂಡು ಹೋದದ್ದು ನಿಮಗೆಲ್ಲ ನೆನಪಿರಬಹುದು. 15ರ ರಾತ್ರಿಯ ಮೇಲೆ ಅದರ ಸುದ್ದಿಯೇ ಇಲ್ಲ. ನಾನಾಗ ಫಸ್ಟ್ ಪಿಯುಸಿ. ಇಬ್ಬರು ನಮ್ಮ ಉಡುಪಿ ಕಡೆಯವರು, ಐದು ಜನ ಉತ್ತರ ಕನ್ನಡದವರು. ನಮಗೆ ಸಂಬಂಧಿಕರಲ್ಲ. ಆದರೆ ಇಲ್ಲಿ ಒಂದು ಬೋಟು ಬರಲಿಲ್ಲ ಅಂದರೆ ಎಲ್ಲರ ಮನೆಯಲ್ಲೂ ಅನ್ನ ಇಳಿಯುವುದಿಲ್ಲ.

ಆಮೇಲೆ ಶುರುವಾಯಿತು ವಾಟ್ಸಾಪ್. ಬೆಳಿಗ್ಗೆ ಒಂದು ಕತೆ, ಸಂಜೆ ಒಂದು ಕತೆ. ಯಾರೋ ಅಪಹರಿಸಿದ್ದಾರೆ, ಕಡಲ್ಗಳ್ಳರ ಕೈಯಲ್ಲಿದ್ದಾರೆ, ಇಲ್ಲ ದೊಡ್ಡ ಹಡಗು ಹೊಡೆದಿದೆ, ಇಲ್ಲ ಬೇರೆ ರಾಜ್ಯದವರು ಹಿಡಿದಿಟ್ಟಿದ್ದಾರೆ. ಪ್ರತಿಯೊಂದಕ್ಕೂ "ಖಚಿತ ಮೂಲದಿಂದ" ಅಂತ ಮೇಲೆ ಬರೆದಿರುತ್ತಿತ್ತು. ಆ ಮನೆಯವರು ಒಂದೊಂದು ಮೆಸೇಜಿಗೂ ಎದ್ದು ಕೂರುತ್ತಿದ್ದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಕೆಲಸ ಬಿಟ್ಟು ಹೆದ್ದಾರಿಗೆ ಇಳಿದರು, ಅಪ್ಪನೂ ಹೋಗಿದ್ದರು. ಕೊನೆಗೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಕಡಲಿನ ಅಡಿಯಲ್ಲಿ ನೌಕಾಪಡೆಯವರಿಗೆ ಬೋಟಿನ ಅವಶೇಷ ಸಿಕ್ಕಿತು. ನಾಲ್ಕೂವರೆ ತಿಂಗಳು. ಅಷ್ಟು ದಿನ ಗೊತ್ತಿಲ್ಲ ಅನ್ನುವುದಕ್ಕಿಂತ ಜಾಸ್ತಿ ಆ ಮನೆಯವರನ್ನು ಸುಟ್ಟದ್ದು ಗೊತ್ತು ಗೊತ್ತು ಅಂತ ಹೇಳಿಕೊಂಡು ಬಂದ ಸುದ್ದಿಗಳು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಅಪ್ಪನ ಪುಸ್ತಕ. ನೀಲಿ ರಟ್ಟಿನ ಲೆಕ್ಕದ ಪುಸ್ತಕ, ನೀರು ತಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರುತ್ತಾರೆ, ತೆರೆದರೆ ಡೀಸೆಲ್ ವಾಸನೆ. ತಾರೀಕು, ಗಾಳಿ ಯಾವ ಕಡೆಯದ್ದು, ಎಷ್ಟು ಮಾರು ನೀರು, ಜಿಪಿಎಸ್ ನಂಬರು, ಸಿಕ್ಕಿದ ಮೀನು. ತಾವೇ ನೋಡಿದ್ದನ್ನು ಸುಮ್ನೆ ಹಾಗೇ ಬರೆಯುತ್ತಾರೆ. ವೈರ್‌ಲೆಸ್‌ನಲ್ಲಿ ಬೇರೆ ಬೋಟಿನವರು ಹೇಳಿದ್ದಾದರೆ ಬರೆದು ಸುತ್ತ ಒಂದು ವೃತ್ತ ಹಾಕುತ್ತಾರೆ. ಮುಂದೆ ಯಾವಾಗಲೋ ತಾವೇ ಆ ಜಾಗಕ್ಕೆ ಹೋಗಿ ನೋಡಿದ ಮೇಲೆ ಆ ವೃತ್ತದ ಮೇಲೆ ಒಂದು ಗೀಟು. ಅಪ್ಪ ಓದಿದ್ದು ಏಳನೇ ಕ್ಲಾಸು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಮಾಡುವ ಕೆಲಸವನ್ನೇ ನಾನು ದಿನಾ ಮಾಡಬೇಕು ಅಂತ ಆಸೆ. ಇಷ್ಟೇ ನನ್ನ ಕಾರಣ.

ಇದನ್ನು ಬೋರ್ಡಿನ ಮುಂದೆ ಹೇಳಿದರೆ ಭಾವುಕ ಹುಡುಗಿ ಅಂತ ಮಾರ್ಕು ಕಳೆಯುತ್ತಾರಾ? ಇನ್ನೊಂದು, ಸಂಬಳದ ವಿಷಯ. ಲೆವೆಲ್ 7, ಶುರುವಿಗೆ ಮೂಲವೇತನ 44,900, ಅದರ ಮೇಲೆ ಶೇ. 20 ಭದ್ರತಾ ಭತ್ಯೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಇಳಿಯುವ ಹಾಗಿಲ್ಲದ ಮನೆ ನಮ್ಮದು. ಆ ಸಂಬಳ ನನಗೆ ಮುಖ್ಯ ಅಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಮ್ಮನಿಗಂತೂ ಬ್ಯಾಂಕ್ ಪರೀಕ್ಷೆ ಬರೆಯಲಿ ಅಂತ ಆಸೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಲ್ಲ ಹುಟ್ಟಿದ್ದು ನಮ್ಮ ಈ ಎರಡು ಜಿಲ್ಲೆಯ ನೆಲದಲ್ಲಿ, ಇಲ್ಲಿ ಮಕ್ಕಳಿಗೆ ಒಳ್ಳೆಯ ಕೆಲಸ ಅಂದರೆ ಬ್ಯಾಂಕು, ಬೇರೆ ಗೊತ್ತಿಲ್ಲ.

ಒಳಗಿನ ಗುಟ್ಟು ಯಾರೂ ಹೇಳಬೇಡಿ, ಕೇಳುತ್ತಲೂ ಇಲ್ಲ. ಉತ್ತರ ಹೇಗಿರಬೇಕು ಅಂತ ಮಾತ್ರ ಹೇಳಿ.

(ತಿದ್ದಿದ್ದೇನೆ: ಕಾಲೇಜಿನ ಹೆಸರು, ಇಂಟರ್‌ವ್ಯೂ ತಾರೀಕು ತೆಗೆದಿದ್ದೇನೆ. ಸುರತ್ಕಲ್ ಅಣ್ಣನಿಗೆ ಥ್ಯಾಂಕ್ಸ್.)

ಸುರತ್ಕಲ್‌ನಿಂದ

ತಂಗೀ, ಕಾಲೇಜು ಹೆಸರು ತೆಗೆದದ್ದು ಒಳ್ಳೆಯದಾಯಿತು. ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಈಗ ಹೇಳಿಕೊಂಡು ತಿರುಗಬೇಡಿ. ಸೆಲೆಕ್ಟ್ ಆದ ಮೇಲೆ ಫೇಸ್‌ಬುಕ್‌ನಲ್ಲಿ ಫೋಟೋ ಹಾಕುವುದೂ ಬೇಡ.

ನಾನು ಇದೇ ಇಂಟರ್‌ವ್ಯೂಗೆ ಒಮ್ಮೆ ಹೋಗಿ ಬಂದವನು. ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಮಾರ್ಕಿನ ಲೆಕ್ಕದಲ್ಲಿ ಹೇಳಲಾರೆ, ಆದರೆ ಎಲ್ಲಿ ಜಾರಿದೆ ಅಂತ ನನಗೇ ಗೊತ್ತಿದೆ. ನೀವು ಬರೆದ ಆ ನಾಲ್ಕು ಸಾಲನ್ನೇ ಹೇಳಿದ್ದೆ. ಎದುರಿದ್ದವರೊಬ್ಬರು ತುಂಬ ಮೆತ್ತಗೆ ಕೇಳಿದರು, ಶಾಲೆಯಲ್ಲಿ ಪಾಠ ಮಾಡುವುದೂ ದೇಶಸೇವೆ, ಸೇನೆಗೆ ಹೋಗುವುದೂ ದೇಶಸೇವೆ, ಇಲ್ಲಿಗೇ ಯಾಕೆ ಬಂದಿರಿ ಅಂತ. ನನ್ನ ಹತ್ತಿರ ಎರಡನೇ ಉತ್ತರ ಇರಲಿಲ್ಲ. ಗಾಬರಿಯಲ್ಲಿ "ಉಗ್ರರನ್ನು ಹಿಡಿಯಬೇಕು ಸರ್" ಅಂದೆ. "ನಾವು ಯಾರನ್ನೂ ಹಿಡಿಯುವುದಿಲ್ಲ, ನಮಗೆ ಬಂಧಿಸುವ ಅಧಿಕಾರವೇ ಇಲ್ಲ, ಅದು ನಿಮಗೆ ಗೊತ್ತಾ?" ಅಂದರು. ಅಲ್ಲಿಗೆ ಮುಗಿಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಸೇರಬೇಕು ಅನ್ನುವ ಜಾಗ ಯಾವುದು ಅಂತ ಸರಿಯಾಗಿ ತಿಳಿದುಕೊಂಡು ಹೋಗಿ. ಐಬಿ ಅಂದರೆ ದೇಶದ ಒಳಗಿನದ್ದು, ಗೃಹ ಸಚಿವಾಲಯದ ಕೆಳಗೆ, 1887ರಿಂದ ಇದೆ. ಹೊರದೇಶದ ಮಾಹಿತಿ ನೋಡುವುದು ರಾ. ಅದು 1962ರ ಚೀನಾ ಯುದ್ಧ, 1965ರ ಯುದ್ಧ ಆದ ಮೇಲೆ 1968ರಲ್ಲಿ ಐಬಿಯಿಂದ ಬೇರೆಯಾದದ್ದು, ಮೊದಲ ಮುಖ್ಯಸ್ಥರು ಆರ್.ಎನ್. ಕಾವ್, ಅದು ಕ್ಯಾಬಿನೆಟ್ ಸೆಕ್ರೆಟೇರಿಯೆಟ್ ಕೆಳಗೆ ಬರುತ್ತದೆ. ಕೇಸು ಹಾಕಿ, ಬಂಧಿಸಿ, ಕೋರ್ಟಿಗೆ ಹೋಗುವುದು ಎನ್‌ಐಎ, 26/11 ಆದ ಮೇಲೆ 2008ರ ಡಿಸೆಂಬರ್ ಕೊನೆಯಲ್ಲಿ ಕಾನೂನು ಮಾಡಿ ಹುಟ್ಟುಹಾಕಿದ್ದು. ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಕೊಂಡು ಹೋಗುವವರೇ ಜಾಸ್ತಿ. ನಾನೂ ಹಾಗೇ ಹೋಗಿದ್ದೆ.

ನಿಮ್ಮ ಕಾರಣ ಓದಿ ಖುಷಿಯಾಯಿತು. ಆ ವೃತ್ತದ ವಿಷಯ ಬಿಡಬೇಡಿ. ನಾನು ಕೇಳಿದ ಹತ್ತಾರು ಉತ್ತರಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಆದರೆ ಬೋಟಿನ ಘಟನೆಯನ್ನು ಪೂರ್ತಿ ಹೇಳಲು ಹೋಗಬೇಡಿ, ಅವರು ಕೊಡುವುದು ಒಂದು ನಿಮಿಷ. ಇಂಗ್ಲಿಷಿನಲ್ಲಿ ಹೇಳುವಾಗ ಪುಸ್ತಕದ ಮಾತು ಬರುತ್ತದೆ, ಹಾಗಾಗಿ ಮೊದಲು ಕನ್ನಡದಲ್ಲಿ ಬರೆದು, ಅಮ್ಮನಿಗೆ ಅರ್ಥ ಆಗುವ ಹಾಗೆ ಹೇಳಿ ನೋಡಿ, ಆಮೇಲೆ ಇಂಗ್ಲಿಷಿಗೆ ಹೋಗಿ.

ನಿವೃತ್ತ ಎಸ್‌ಐ, ಉಡುಪಿ

ಮಗಳೇ ಅಂತ ಕರೆಯುತ್ತೇನೆ, ಬೇಸರ ಮಾಡಬೇಡ. ನಾನು ಐಬಿಯವನಲ್ಲ, ರಾಜ್ಯ ಪೊಲೀಸ್. ಕೊನೆಯ ಕೆಲವು ವರ್ಷ ಕರಾವಳಿ ಕಾವಲು ಪೊಲೀಸ್‌ನಲ್ಲಿದ್ದೆ. ಅದರ ಕೇಂದ್ರ ಕಚೇರಿ ನಿಮ್ಮ ಮಲ್ಪೆಯಲ್ಲೇ ಇರುವುದು, ನೀನು ನೋಡಿರುತ್ತೀಯ. ಹಾಗಾಗಿ ಮಾಹಿತಿ ಅನ್ನುವುದು ದಡದಲ್ಲಿ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಗೊತ್ತು.

2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ಹತ್ತು ಜನ ಗುಜರಾತಿನ ಕುಬೇರ್ ಅನ್ನುವ ಮೀನುಗಾರಿಕೆ ಬೋಟನ್ನು ಕಡಲಿನಲ್ಲೇ ವಶಮಾಡಿಕೊಂಡು ಬಂದರು. ಕೊನೆಗೆ ರಬ್ಬರ್ ದೋಣಿಯಲ್ಲಿ ಇಳಿದದ್ದು ಕೊಲಾಬಾದ ಮೀನುಗಾರರ ಕೇರಿಯ ದಡಕ್ಕೆ. ಅಲ್ಲಿನ ಮೀನುಗಾರ ಜನ ಅವರನ್ನು ನೋಡಿದ್ದರು. ಸಮುದ್ರದ ಕಡೆಯಿಂದ ದಾಳಿ ಆಗಬಹುದು ಅನ್ನುವ ಸುಳಿವೂ ಮೊದಲೇ ಬಂದಿತ್ತು. ನೋಡಿದ ಕಣ್ಣು ಒಂದು ಕಡೆ, ಬರೆದ ಕಾಗದ ಒಂದು ಕಡೆ, ಎರಡೂ ಹೊತ್ತಿಗೆ ಸರಿಯಾಗಿ ಒಂದು ಮೇಜಿನ ಮೇಲೆ ಸೇರಲಿಲ್ಲ. 166 ಜನ ಹೋದರು. ಕಾರ್ಗಿಲ್ ಆದ ಮೇಲೆ 2001ರಲ್ಲೇ ಬೇರೆ ಬೇರೆ ಸಂಸ್ಥೆಗಳ ಮಾಹಿತಿ ಒಂದೆಡೆ ಸೇರಿಸಲು ಐಬಿಯ ಒಳಗೆ ಮಲ್ಟಿ ಏಜೆನ್ಸಿ ಸೆಂಟರ್ ಅಂತ ಮಾಡಿದ್ದರು, ಮುಂಬೈ ಆದ ಮೇಲೆ ಅದನ್ನು ಬಲಪಡಿಸಿದರು. ಈ ಎರಡು ಮಾತು ನಿನ್ನ ಉತ್ತರದ ಹಿಂದೆ ಇರಲಿ. ಅವರು ಕೆದಕಿದರೆ ಹೇಳು, ಇಲ್ಲದಿದ್ದರೆ ಬೇಡ.

ಕೆಲಸ ಎಂಥದ್ದು ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂದು ರಾತ್ರಿ ಒಬ್ಬರು ಫೋನ್ ಮಾಡಿದರು, ಬಂದರಿನ ಹತ್ತಿರ ಬಾಡಿಗೆ ಕೋಣೆಯಲ್ಲಿ ಮೂವರು ಹೊಸಬರು ಬಂದಿದ್ದಾರೆ, ಭಾಷೆ ಅರ್ಥ ಆಗುವುದಿಲ್ಲ, ರಾತ್ರಿ ಎರಡಕ್ಕೆ ಎದ್ದು ಹೋಗುತ್ತಾರೆ, ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಲಗುತ್ತಾರೆ, ತುಂಬ ಅನುಮಾನ ಅಂತ. ಹೇಳಿದವರು ಮರ್ಯಾದಸ್ಥರು, ಸುಳ್ಳು ಹೇಳುವವರಲ್ಲ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಕೂಡ. ಮರುದಿನ ನಾನು ಮಫ್ತಿಯಲ್ಲಿ ಹೋಗಿ ಎದುರಿನ ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಕೂತೆ. ಆ ಹುಡುಗರ ಕೈ ನೋಡಿದೆ. ಬೆರಳ ತುದಿಯೆಲ್ಲ ಬಿಳಿಚಿಕೊಂಡು ಸುಲಿದಿತ್ತು. ಐಸ್ ಹೊತ್ತ ಕೈ ಅದು. ಒಡಿಶಾದಿಂದ ಐಸ್ ಪ್ಲಾಂಟಿಗೆ ಕೆಲಸಕ್ಕೆ ಬಂದವರು, ರಾತ್ರಿ ಎರಡಕ್ಕೆ ಬೋಟಿಗೆ ಐಸ್ ತುಂಬುವ ಪಾಳಿ. ಮಾಲೀಕರ ಹತ್ತಿರ ವಿಚಾರಿಸಿದೆ, ಕಾಗದ ನೋಡಿದೆ, ಎಲ್ಲ ಸರಿಯಿತ್ತು. "ಪರಿಶೀಲಿಸಲಾಗಿದೆ, ಅನುಮಾನಕ್ಕೆ ಕಾರಣವಿಲ್ಲ" ಅಂತ ಒಂದು ಸಾಲು ಬರೆದೆ.

ಆ ಒಂದು ಸಾಲು ಬರೆಯದೆ ಫೋನಿನಲ್ಲಿ ಕೇಳಿದ್ದನ್ನೇ ಮೇಲಕ್ಕೆ ಕಳಿಸಿದ್ದರೆ ಆ ಮೂರು ಮಕ್ಕಳ ಗತಿ ಎಂತ ಆಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ನೂರರಲ್ಲಿ ಬಹುಪಾಲು ಇಂಥದ್ದೇ. ಏನೂ ಇಲ್ಲ ಅಂತ ಸರಿಯಾಗಿ ನೋಡಿ ಬರೆಯುವುದು. ಅದಕ್ಕೆ ಮೆಡಲ್ ಇಲ್ಲ, ಪೇಪರಿನಲ್ಲಿ ಬರುವುದಿಲ್ಲ. ಈ ಕೆಲಸ ಮೂವತ್ತು ವರ್ಷ ಮಾಡುವ ತಾಳ್ಮೆ ಉಂಟಾ ಅಂತ ನಿನ್ನನ್ನೇ ಕೇಳಿಕೋ. ಉಂಟು ಅಂತಾದರೆ ಬೋರ್ಡಿನ ಎದುರು ಧೈರ್ಯವಾಗಿ ಕೂರು.

ನಿನ್ನ ಅಪ್ಪನ ವೃತ್ತಕ್ಕೆ ದೊಡ್ಡ ದೊಡ್ಡವರು ಪದ್ಧತಿ ಮಾಡಿಟ್ಟಿದ್ದಾರೆ, ಗೊತ್ತಾ? ಬ್ರಿಟಿಷ್ ನೌಕಾಪಡೆಯ ಹೆಸರಿನಲ್ಲೇ ಕರೆಯುವ ಒಂದು ಕ್ರಮ ಉಂಟು. ಮಾಹಿತಿ ಕೊಟ್ಟವನು ಎಷ್ಟು ನಂಬಿಕಸ್ಥ ಅಂತ ಎ ಯಿಂದ ಎಫ್ ತನಕ ಒಂದು ಅಕ್ಷರ, ಅವನು ಹೇಳಿದ ವಿಷಯ ಎಷ್ಟು ನಿಜ ಇರಬಹುದು ಅಂತ 1ರಿಂದ 6ರ ತನಕ ಒಂದು ಅಂಕೆ. ಎರಡನ್ನೂ ಬೇರೆ ಬೇರೆ ಅಳೆಯಬೇಕು. ಒಳ್ಳೆಯ ಮನುಷ್ಯನೂ ತಪ್ಪು ತಿಳಿದುಕೊಂಡಿರಬಹುದು. ನನಗೆ ಫೋನ್ ಮಾಡಿದವರ ಹಾಗೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಮಂಗಳೂರಿನ ವಕೀಲೆ

ಎಸ್‌ಐ ಸರ್ ಬರೆದದ್ದು ಓದಿ ಮನಸ್ಸು ತುಂಬಿತು. ಆದರೆ ಎಲ್ಲರೂ ಹಾಗೆ ಕ್ಯಾಂಟೀನಿನಲ್ಲಿ ಕೂತು ಕೈ ನೋಡುವುದಿಲ್ಲ ಸರ್. ನೋಡದೆ ಬರೆದ ಸಾಲಿನಿಂದ ಒದ್ದಾಡಿದವರ ಕಾಗದ ನಮ್ಮ ಮೇಜಿಗೆ ಬರುತ್ತದೆ. ಹಾಗಾಗಿ ಈ ತಂಗಿಗೆ ಸ್ವಲ್ಪ ಕಷ್ಟದ ಪ್ರಶ್ನೆಯನ್ನೇ ಕೊಡುತ್ತೇನೆ, ಬೋರ್ಡಿನವರೂ ಕೇಳಬಹುದು.

ನಾನು ಕಂಕನಾಡಿ ಕಡೆ ಇರುವುದು. 2022ರ ನವೆಂಬರ್ 19ರ ಸಂಜೆ ನಾಗುರಿ ಹತ್ತಿರ ಆಟೋದಲ್ಲಿ ಕುಕ್ಕರ್ ಬಾಂಬ್ ಸ್ಫೋಟ ಆಯಿತಲ್ಲ, ಆಟೋ ಓಡಿಸುತ್ತಿದ್ದವರಿಗೂ ಸುಟ್ಟಗಾಯ ಆಯಿತು. ಒಳಗಿದ್ದ ಪ್ರಯಾಣಿಕನ ಹತ್ತಿರ ಒಂದು ಆಧಾರ್ ಕಾರ್ಡ್ ಸಿಕ್ಕಿತು. ಅದು ಅವನದ್ದಲ್ಲ. ಕಾರ್ಡು ಕಳೆದುಕೊಂಡಿದ್ದ ಒಬ್ಬ ರೈಲ್ವೆ ನೌಕರರದ್ದು, ಅವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಪೊಲೀಸರು ಅವರನ್ನು ಹುಡುಕಿ ವಿಚಾರಿಸಿದ್ದರಿಂದ ವಿಷಯ ಸರಿಯಾಯಿತು. ಒಂದು ಕಾರ್ಡಿನ ಮೇಲಿನ ಹೆಸರನ್ನೇ ನಂಬಿ ಮುಂದೆ ಹೋಗಿದ್ದರೆ? ಯೋಚಿಸಿ. ಬಾಂಬಿನ ಕೆಲಸ ಎಷ್ಟು ಗಂಭೀರವೋ ಆ ಹೆಸರಿನ ಕೆಲಸವೂ ಅಷ್ಟೇ ಗಂಭೀರ.

ನಮ್ಮ ಜಿಲ್ಲೆಯ ಹೆಸರು ಕೇಳಿದ ತಕ್ಷಣ ಬೋರ್ಡಿನವರು ಕೋಮು ಗಲಾಟೆಯ ವಿಷಯಕ್ಕೆ ಬರಬಹುದು. ಆಗ ಒಂದು ಸಮುದಾಯದ ಮೇಲೆ ಬೆರಳು ತೋರಿಸುವ ಉತ್ತರ ಬಾಯಿಂದ ಬರಬಾರದು. ಚೆನ್ನಾಗಿ ಕಾಣಬೇಕು ಅಂತಲ್ಲ, ನಿಜವಾಗಿಯೂ ಆ ಯೋಚನೆ ಮನಸ್ಸಿನಲ್ಲಿ ಇರಬಾರದು. ಯಾವ ಧರ್ಮ ಅಂತ ಮೊದಲು ನೋಡುವವರು ಮಾಡಿದ್ದು ಏನು ಅಂತ ನೋಡುವುದೇ ಇಲ್ಲ.

ಇನ್ನು ಕಾನೂನು. ಐಬಿಯನ್ನು ಸ್ಥಾಪಿಸಿದ ಸಂಸತ್ತಿನ ಕಾಯ್ದೆ ಅಂತ ಒಂದು ಇಲ್ಲವೇ ಇಲ್ಲ. 1985ರ ಕಾಯ್ದೆ ಒಂದಿದೆ, ಅದು ಅಲ್ಲಿ ಕೆಲಸ ಮಾಡುವವರ ಹಕ್ಕುಗಳಿಗೆ ಮಿತಿ ಹಾಕುವುದು. ಸಂಘ ಕಟ್ಟುವ ಹಾಗಿಲ್ಲ, ಪತ್ರಿಕೆಯವರ ಜೊತೆ ಅನುಮತಿ ಇಲ್ಲದೆ ಮಾತಾಡುವ ಹಾಗಿಲ್ಲ. ನೀವು ಸಹಿ ಹಾಕುವ ಮೊದಲು ಇದು ತಿಳಿದಿರಲಿ. ಮಾಹಿತಿ ಹಕ್ಕು ಕಾಯ್ದೆಯೂ ಐಬಿಗೆ ಅನ್ವಯ ಆಗುವುದಿಲ್ಲ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು. ಫೋನ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಅದನ್ನು ಸಮಿತಿ ಪರಿಶೀಲಿಸಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಈಗ ಪ್ರಶ್ನೆ. ನಾಳೆ ಮೇಲಿನವರು ಕಾನೂನು ಬಿಟ್ಟು ಒಬ್ಬರ ಹಿಂದೆ ಬೀಳಲು ಹೇಳಿದರೆ ಏನು ಮಾಡುತ್ತೀರಿ? ಇದಕ್ಕೆ ಕೋಚಿಂಗಿನ ಉತ್ತರ ಬೇಡ. ನಿಮ್ಮದೇ ಉತ್ತರ ಸಿಗುವ ತನಕ ಯೋಚಿಸಿ. ನನಗೆ ಈ ಸಂಸ್ಥೆಗಳ ಮೇಲೆ ಪ್ರಶ್ನೆಗಳಿವೆ, ಅದಕ್ಕೇ ನಿಮ್ಮಂಥವರು ಒಳಗೆ ಹೋಗಬೇಕು ಅಂತ ಮನಸಾರೆ ಬಯಸುತ್ತೇನೆ.

ನಿವೃತ್ತ ಎಸ್‌ಐ, ಉಡುಪಿ

ವಕೀಲರು ಹೇಳಿದ್ದು ಒಪ್ಪಿದೆ. ನೋಡದೆ ಬರೆದವರನ್ನು ನಾನೂ ಕಂಡಿದ್ದೇನೆ. ಮಗಳೇ, ಆ ಕೊನೆಯ ಪ್ರಶ್ನೆಗೆ ನನ್ನ ಅನುಭವದ ಉತ್ತರ ಇಷ್ಟೇ. ಆದೇಶ ಬರವಣಿಗೆಯಲ್ಲಿ ಕೊಡಿ ಸರ್ ಅಂತ ವಿನಯದಿಂದ ಕೇಳಬೇಕು. ತಪ್ಪು ಆದೇಶಗಳಲ್ಲಿ ಎಷ್ಟೋ ಅಲ್ಲಿಗೇ ನಿಂತು ಹೋಗುತ್ತವೆ.

ಕಾರ್ಕಳದ ಅಕ್ಕ

ಎಲ್ಲರೂ ಇಂಟರ್‌ವ್ಯೂ ವಿಷಯ ಹೇಳಿದ್ದಾರೆ, ನಾನು ಮನೆಯ ವಿಷಯ ಹೇಳುತ್ತೇನೆ. ನನ್ನ ಯಜಮಾನರು ಕೇಂದ್ರ ಸರ್ಕಾರದ ಒಂದು ಕೆಲಸದಲ್ಲಿದ್ದಾರೆ. ಯಾವುದು ಅಂತ ಬರೆಯುವುದಿಲ್ಲ, ನಾನು ಮದುವೆಯಾದ ಮೇಲೆ ಕಲಿತ ಮೊದಲ ಪಾಠ ಅದು. ನಾಗರಪಂಚಮಿಗೆ ಊರಿಗೆ ಬಂದಾಗ ಸಂಬಂಧಿಕರು ಕೇಳುತ್ತಾರೆ, ಎಂತ ಕೆಲಸ, ಯಾವ ಆಫೀಸು, ಮೇಲ್ಸಂಪಾದನೆ ಉಂಟಾ ಅಂತ. "ಸೆಂಟ್ರಲ್ ಗವರ್ನಮೆಂಟ್" ಅಂತ ಹೇಳಿ ಚಕ್ಕುಲಿ ತಟ್ಟೆ ಮುಂದೆ ಇಡುತ್ತೇನೆ. ದೇಶದಲ್ಲಿ ಎಲ್ಲಿಗೆ ಹಾಕಿದರೂ ಹೋಗಬೇಕು. ಮಗಳು ಮೂರು ರಾಜ್ಯದ ಶಾಲೆಯಲ್ಲಿ ಓದಿದ್ದಾಳೆ. ಕುಟುಂಬದ ದೈವದ ನೇಮಕ್ಕೆ ಅವರು ಬಂದು ನಾಲ್ಕು ವರ್ಷವಾಯಿತು. ಅತ್ತೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದಾಗ ಫೋನಿನಲ್ಲಿ "ಎಲ್ಲಿದ್ದೀರಿ" ಅಂತ ಕೇಳಿದೆ, "ಬರುತ್ತೇನೆ" ಅಂತಷ್ಟೇ ಹೇಳಿದರು. ಎಲ್ಲಿಂದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ತಂಗೀ, ನೀವು ಹೆಣ್ಣುಮಗಳು, ಮದುವೆ ಆದ ಮೇಲೆ ಟ್ರಾನ್ಸ್‌ಫರ್ ಆದರೆ ಏನು ಮಾಡುತ್ತೀರಿ ಅಂತ ಕೇಳಬಹುದು. ಗಂಡಸರಿಗೆ ಕೇಳದ್ದನ್ನು ನಮಗೆ ಕೇಳುತ್ತಾರೆ, ಅದು ಸರಿಯಲ್ಲ. ಆದರೂ ಉತ್ತರ ತಯಾರಿರಲಿ. ಹತ್ತು ಹನ್ನೆರಡು ದಿನ ಅಪ್ಪ ಬಾರದ ಮನೆಯಲ್ಲಿ ಬೆಳೆದವಳು ನೀವು. ಕಾಯುವುದು, ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ ಮನೆ ನಡೆಸುವುದು ನಿಮ್ಮ ಅಮ್ಮನಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಮಾತನ್ನೇ ಹೇಳಿ.

ಸಂಬಳದ ಬಗ್ಗೆ ನಾಚಿಕೆ ಬೇಡ. ಅವರಾಗಿ ಕೇಳಿದರೆ ಬೇಕು ಅಂತಲೇ ಹೇಳಿ. ಸಾಲ ಇಲ್ಲದ, ನಿಯತ್ತಿನ ಸಂಬಳದಲ್ಲಿ ಬದುಕುವವರನ್ನು ಯಾರೂ ದುಡ್ಡು ತೋರಿಸಿ ಕೊಳ್ಳಲಾರರು, ಆ ಕೆಲಸಕ್ಕೆ ಇದೂ ಬೇಕಾದದ್ದೇ ಅಲ್ವಾ.

ಮಲ್ಪೆ ಹುಡುಗಿ

ಎಲ್ಲರದ್ದೂ ಎರಡೆರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ, ಕಾರ್ಕಳದ ಅಕ್ಕ ಬರೆದದ್ದು ಕೇಳಿ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಬ್ಯಾಂಕಿನ ವಿಷಯ ಎತ್ತಲಿಲ್ಲ.

ಕನ್ನಡದಲ್ಲಿ ಹೀಗೆ ಬರೆದುಕೊಂಡಿದ್ದೇನೆ, ನೋಡಿ:

"ನಾನು ಮೀನುಗಾರರ ಮನೆಯವಳು. 2018ರಲ್ಲಿ ನಮ್ಮ ಬಂದರಿನ ಒಂದು ಬೋಟು ಕಾಣೆಯಾದಾಗ ಖಚಿತ ಸುದ್ದಿ ಬರಲು ನಾಲ್ಕೂವರೆ ತಿಂಗಳು ಬೇಕಾಯಿತು, ಅಷ್ಟರಲ್ಲಿ ನೂರು ತಪ್ಪು ಸುದ್ದಿ ಬಂದು ಆ ಮನೆಯವರನ್ನು ಹಿಂಡಿತು. ನನ್ನ ತಂದೆ ತಾವು ಕಂಡದ್ದನ್ನೂ ಕೇಳಿದ್ದನ್ನೂ ಪುಸ್ತಕದಲ್ಲಿ ಬೇರೆ ಬೇರೆ ಗುರುತು ಹಾಕಿ ಬರೆಯುತ್ತಾರೆ. ಆ ಅಭ್ಯಾಸ ನನಗೂ ಬಂದಿದೆ. ನಿಮ್ಮಲ್ಲಿ ಬಂಧಿಸುವ ಅಧಿಕಾರ ಇಲ್ಲ, ಹೆಸರು ಬರುವುದಿಲ್ಲ, ಹೆಚ್ಚಿನ ದಿನ ಏನೂ ಇಲ್ಲ ಅಂತ ಬರೆಯುವುದೇ ಕೆಲಸ ಅಂತ ತಿಳಿದುಕೊಂಡೇ ಬಂದಿದ್ದೇನೆ. ನಾನು ಬರೆದ ಸಾಲನ್ನು ನಂಬಿ ಒಂದು ಬಾಗಿಲು ತಟ್ಟುತ್ತಾರೆ, ಅಥವಾ ತಟ್ಟದೆ ಬಿಡುತ್ತಾರೆ. ಎರಡೂ ಸರಿಯಾಗಿ ಆಗಬೇಕು. ಆ ಸಾಲು ಬರೆಯುವ ಜವಾಬ್ದಾರಿ ನನಗೆ ಬೇಕು."

ಟೈಮ್ ನೋಡಿದೆ, ಒಂದು ನಿಮಿಷದ ಒಳಗೆ ಮುಗಿಯುತ್ತದೆ. ವಕೀಲೆ ಅಕ್ಕ ಕೇಳಿದ್ದಕ್ಕೆ ಇನ್ನೂ ಯೋಚಿಸುತ್ತಿದ್ದೇನೆ. ಬರವಣಿಗೆಯಲ್ಲಿ ಕೇಳುತ್ತೇನೆ, ಆಮೇಲೂ ಕಾನೂನಿಗೆ ಹೊರತಾದರೆ ಮಾಡುವುದಿಲ್ಲ ಅಂತ ಹೇಳುತ್ತೇನೆ. ಹೇಳುವುದು ಸುಲಭ ಅಂತ ಗೊತ್ತು. ಆದರೆ ಇದಕ್ಕಿಂತ ಬೇರೆ ಉತ್ತರ ಕೊಟ್ಟು ನೌಕರಿ ಸಿಕ್ಕಿದರೂ ನನಗೆ ಬೇಡ.

ಸುರತ್ಕಲ್‌ನಿಂದ

ಇದನ್ನು ಕೇಳಿ ನಾನೇ ಬೋರ್ಡಿನಲ್ಲಿದ್ದರೆ ಎದ್ದು ನಿಲ್ಲುತ್ತಿದ್ದೆ ತಂಗೀ. "ನೂರು ತಪ್ಪು ಸುದ್ದಿ" ಅನ್ನುವುದನ್ನು ಮಾತ್ರ ಬದಲಿಸಿ. ಲೆಕ್ಕ ಹಾಕಿದ್ದೀರಾ ಅಂತ ಕೇಳಿಬಿಟ್ಟರೆ ಕಷ್ಟ. "ದಿನಕ್ಕೊಂದು" ಅಂತಲೂ ಬೇಡ, "ಅನೇಕ" ಸಾಕು.

ನಿವೃತ್ತ ಎಸ್‌ಐ, ಉಡುಪಿ

ಚೆನ್ನಾಗಿದೆ ಮಗಳೇ. ಒಂದು ಕೇಳಬೇಕು ಅಂತಿತ್ತು. ಅಪ್ಪನ ಪುಸ್ತಕದಲ್ಲಿ ಆ ಡಿಸೆಂಬರ್ ತಿಂಗಳ ಪುಟ ಉಂಟಾ? ಆ ಬೋಟಿನ ಬಗ್ಗೆ ಏನಾದರೂ ಬರೆದಿದ್ದಾರಾ?

ಮಲ್ಪೆ ಹುಡುಗಿ

ನೂರು ತೆಗೆದು "ಅನೇಕ" ಮಾಡಿದೆ ಅಣ್ಣ, ಸರಿಯಾದ ಮಾತು.

ಸರ್, ನೀವು ಕೇಳಿದ ಮೇಲೆ ಹುಡುಕಿದೆ. ಹಳೆಯ ಪುಸ್ತಕ ಅಟ್ಟದ ಮೇಲಿತ್ತು. 2018ರ ಡಿಸೆಂಬರ್ ಕೊನೆಯ ಪುಟದಲ್ಲಿ ಬೋಟಿನ ಹೆಸರು ಮಾತ್ರ ಬರೆದಿದ್ದಾರೆ, ಬೇರೆ ಒಂದಕ್ಷರ ಇಲ್ಲ. ಸುತ್ತ ವೃತ್ತ ಉಂಟು. ಗೀಟು ಇಲ್ಲ. ಸಂಜೆ ಅಪ್ಪನ ಹತ್ತಿರ ಕೇಳಿದೆ, ಅವಶೇಷ ಸಿಕ್ಕಿ ಇಷ್ಟು ವರ್ಷ ಆಯಿತಲ್ಲ, ಇದಕ್ಕೆ ಯಾಕೆ ಗೀಟು ಹಾಕಲಿಲ್ಲ ಅಂತ. ಬಲೆ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಾನು ನೋಡಿಲ್ಲ ಅಲ್ವಾ" ಅಂದರು.